ವರ್ಣಕ್ಕೆ ವರ್ಣ ತೊಡಿಸುವಾಗ

ನಮ್ಮ ನುಡಿಯಲ್ಲಿ ‘ವರ್ಣ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಣ್ಣವೂ ವರ್ಣವೇ, ಅಕ್ಷರವೂ ವರ್ಣವೇ. ಮಗು ಶಾಲೆಯಲ್ಲಿ ಕಲಿಯುವುದು ವರ್ಣಮಾಲೆ. ಕಲಾವಿದನು ಬರೆಯುವುದು ವರ್ಣಚಿತ್ರ. ಹಿರಿಯರು ಒಂದೇ ಹೆಸರಿನಲ್ಲಿ ಕೂಡಿಸಿಟ್ಟ ಈ ಎರಡು ವರ್ಣಗಳು ಇಂದು ಮನೆಮನೆಯ ಮೊಬೈಲಿನಲ್ಲಿ ನಿಜವಾಗಿಯೇ ಕೂಡುತ್ತಿವೆ. ಲಗ್ನದ ಕರೆಯೋಲೆ, ಗೃಹಪ್ರವೇಶದ ಆಮಂತ್ರಣ, ತೊಟ್ಟಿಲ ಕಾರ್ಯಕ್ರಮದ ಸುದ್ದಿ, ಹಬ್ಬದ ಶುಭಾಶಯ, ಯಾವುದನ್ನೇ ತೆರೆದು ನೋಡಿದರೂ ಒಂದು ತುದಿಯಲ್ಲಿ ಕುಂಕುಮದ ಕೆಂಪಾಗಿ ಮೊದಲಾದ ಹೆಸರು ಇನ್ನೊಂದು ತುದಿಗೆ ಬರುವಷ್ಟರಲ್ಲಿ ನವಿಲಿನ ನೀಲಿಗೆ ತಿರುಗಿರುತ್ತದೆ. ನೋಡಲು ಅಂದವಾಗಿರುತ್ತದೆ, ಸಂದೇಹವಿಲ್ಲ.

ಆದರೆ ಅಂದದ ಬೆನ್ನಿಗೇ ಒಂದು ಕೊರತೆಯನ್ನೂ ನಾವು ಕಾಣುತ್ತ ಬಂದಿದ್ದೇವೆ. ಬಣ್ಣ ಬಳಿಯುವ ಭರದಲ್ಲಿ ಅಕ್ಷರ ಒಡೆಯುತ್ತದೆ. ಒತ್ತು ತನ್ನ ಅಕ್ಷರದಿಂದ ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಗುಣಿತದ ಚಿಹ್ನೆಯು ಚುಕ್ಕೆಗಳ ವೃತ್ತವೊಂದಕ್ಕೆ ಜೋತು ಬೀಳುತ್ತದೆ. ಮದುಮಗಳ ಹೆಸರೇ ಓದಲಾಗದಂತಾಗುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಮನಸ್ಸಿನಲ್ಲಿಟ್ಟು ಮಾಡಿದ ಸಾಧನಕ್ಕೆ ಕನ್ನಡವನ್ನು ಕೊಟ್ಟರೆ ಹೀಗಾಗುವುದು ಸಹಜ. ಇದಕ್ಕೆ ಪರಿಹಾರವು ಬಹು ದೂರದಲ್ಲಿಲ್ಲ. ಹೈಸ್ಕೂಲಿನ ಗಣಿತ ಬಲ್ಲ ಹುಡುಗ ಹುಡುಗಿಯರು ಮನೆಯ ಕಂಪ್ಯೂಟರಿನಲ್ಲಿಯೇ ಇಂತಹ ಸಾಧನವೊಂದನ್ನು ಕಟ್ಟಬಲ್ಲರು. ಅದು ಹೇಗೆ, ಕಟ್ಟುವಾಗ ಯಾವ ಎಚ್ಚರ ಬೇಕು ಎಂಬುದನ್ನು ಈ ತಿಂಗಳು ನಮ್ಮ ಓದುಗ ಕುಟುಂಬಗಳ ಮುಂದೆ ಇಡಬಯಸುತ್ತೇವೆ.

ಬಣ್ಣದಿಂದ ಬಣ್ಣಕ್ಕೆ

ಒಂದು ಬಣ್ಣವು ಮೆಲ್ಲಮೆಲ್ಲನೆ ಮತ್ತೊಂದು ಬಣ್ಣವಾಗುವುದನ್ನು ಕಂಪ್ಯೂಟರ್ ಬಲ್ಲವರು ‘ಗ್ರೇಡಿಯಂಟ್’ ಎನ್ನುತ್ತಾರೆ. ಹೆಸರು ಹೊಸದು, ನೋಟ ಹಳೆಯದು. ಹಣ್ಣಾಗುತ್ತಿರುವ ಮಾವಿನಕಾಯಿಯ ಮೇಲೆ ಹಸಿರು ಹಳದಿಯಾಗಿ, ಹಳದಿ ಕೆಂಪಾಗುವುದನ್ನು ಕಾಣದವರಾರು? ಅಂಗಳದ ರಂಗವಲ್ಲಿಯಲ್ಲಿ ತಾಯಂದಿರು ಎರಡು ಬಣ್ಣದ ಪುಡಿಗಳನ್ನು ಬೆರಳ ತುದಿಯಿಂದ ಒಂದರೊಳಗೊಂದು ಬೆರೆಸುವುದೂ ಇದೇ ಕೆಲಸ. ಬೋರ್ಡು ಬರೆಯುವ ಕಲಾವಿದರು ಅಂಗಡಿಯ ಹೆಸರಿಗೆ ಕುಂಚದಿಂದ ‘ಶೇಡು’ ಕೊಡುತ್ತಿದ್ದರು. ಮುದ್ರಣದವರು ಒಂದೇ ಮಸಿತೊಟ್ಟಿಯಲ್ಲಿ ಎರಡು ಬಣ್ಣದ ಮಸಿಗಳನ್ನಿಟ್ಟು, ರೋಲರಿನ ಮೇಲೆ ಅವು ಕೂಡುವಂತೆ ಮಾಡಿ ಗೋಡೆಯ ಭಿತ್ತಿಪತ್ರಗಳನ್ನು ಅಚ್ಚು ಹಾಕುತ್ತಿದ್ದರು. ಕೈಯ ಹದದಿಂದ ಆಗುತ್ತಿದ್ದ ಆ ಕೆಲಸವನ್ನು ಕಂಪ್ಯೂಟರು ಲೆಕ್ಕದಿಂದ ಮಾಡುತ್ತದೆ. ವ್ಯತ್ಯಾಸವಿಷ್ಟೇ.

ಆ ಲೆಕ್ಕವನ್ನು ತಿಳಿಯಬೇಕಾದರೆ ಪರದೆಯು ಬಣ್ಣವನ್ನು ಹೇಗೆ ಹೇಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಪರದೆಯಲ್ಲಿ ಕಾಣುವ ಪ್ರತಿಯೊಂದು ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆ. ಸಾಮಾನ್ಯ ರೂಢಿಯಲ್ಲಿ ಒಂದೊಂದು ಬೆಳಕಿನ ಪ್ರಮಾಣವನ್ನೂ 0ರಿಂದ 255ರವರೆಗಿನ ಸಂಖ್ಯೆಯಿಂದ ಸೂಚಿಸುತ್ತಾರೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳುಪು. ಹೀಗೆ 256ನ್ನು ಮೂರು ಬಾರಿ ಗುಣಿಸಿದರೆ 1,67,77,216 ಬಣ್ಣಗಳಾಗುತ್ತವೆ. ಬಣ್ಣವೆಂಬುದು ಮೂರು ಸಂಖ್ಯೆಗಳ ಗುಂಪಾದ ಮೇಲೆ, ಒಂದು ಬಣ್ಣದಿಂದ ಮತ್ತೊಂದಕ್ಕೆ ಹೋಗುವುದೆಂದರೆ ಆ ಸಂಖ್ಯೆಗಳನ್ನು ಸಮನಾದ ಹೆಜ್ಜೆಗಳಲ್ಲಿ ಏರಿಸುವುದು ಅಥವಾ ಇಳಿಸುವುದು.

‘ಶುಭವಿವಾಹ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಶು, ಭ, ವಿ, ವಾ, ಹ ಎಂದು ಐದು ಅಕ್ಷರಗಳು. ಮೊದಲ ಅಕ್ಷರಕ್ಕೆ ಕೆಂಪು 200, ಹಸಿರು 0, ನೀಲಿ 40 ಎಂಬ ಕುಂಕುಮದ ಬಣ್ಣವಿರಲಿ. ಕೊನೆಯ ಅಕ್ಷರಕ್ಕೆ ಕೆಂಪು 0, ಹಸಿರು 80, ನೀಲಿ 160 ಎಂಬ ನೀಲಿ ಬಣ್ಣವಿರಲಿ. ಐದು ಅಕ್ಷರಗಳ ನಡುವೆ ಇರುವ ಹೆಜ್ಜೆಗಳು ನಾಲ್ಕು. ಆದ್ದರಿಂದ ಕೆಂಪು ಹೆಜ್ಜೆಗೆ 50ರಂತೆ ಇಳಿಯಬೇಕು, ಹಸಿರು 20ರಂತೆ ಏರಬೇಕು, ನೀಲಿ 30ರಂತೆ ಏರಬೇಕು. ಅಲ್ಲಿಗೆ ಬಣ್ಣಗಳು ಹೀಗಾಗುತ್ತವೆ:

ಶು: 200, 0, 40
ಭ: 150, 20, 70
ವಿ: 100, 40, 100
ವಾ: 50, 60, 130
ಹ: 0, 80, 160

ಸಾಧನದ ಹೃದಯವೇ ಈ ಲೆಕ್ಕ. ಕೊನೆಯ ಸಂಖ್ಯೆಯಿಂದ ಮೊದಲ ಸಂಖ್ಯೆಯನ್ನು ಕಳೆದು, ಅಕ್ಷರಗಳ ಎಣಿಕೆಗಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಭಾಗಿಸುವುದು. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಆಮಂತ್ರಣಗಳ ನೆತ್ತಿಯ ಮೇಲೆ ‘ಶ್ರೀ’ ಎಂದು ಒಂದೇ ಅಕ್ಷರವನ್ನು ಬರೆಯುವುದುಂಟು. ಒಂದರಲ್ಲಿ ಒಂದು ಕಳೆದರೆ ಸೊನ್ನೆ. ಸೊನ್ನೆಯಿಂದ ಭಾಗಿಸಲು ಬಾರದು. ಅಕ್ಷರ ಒಂದೇ ಇದ್ದಾಗ ಲೆಕ್ಕವನ್ನು ಬಿಟ್ಟು ಮೊದಲ ಬಣ್ಣವನ್ನೇ ಕೊಡು ಎಂದು ಸಾಧನಕ್ಕೆ ಮುಂಚಿತವಾಗಿ ಹೇಳಿಡಬೇಕು.

ಕಟ್ಟಲು ಬೇಕಾದ ಸಾಮಗ್ರಿ

ಇದಕ್ಕಾಗಿ ಹಣ ತೆತ್ತು ಕೊಳ್ಳಬೇಕಾದದ್ದು ಏನೂ ಇಲ್ಲ. ಯಾವುದೇ ಕಂಪ್ಯೂಟರಿನಲ್ಲಿ ಬ್ರೌಸರ್ ಇದ್ದೇ ಇರುತ್ತದೆ. ಬರೆಯಲು ನೋಟ್‌ಪ್ಯಾಡಿನಂತಹ ಸಾದಾ ಬರಹದ ತಂತ್ರಾಂಶ ಸಾಕು. ಪುಟದ ಅಂಗಾಂಗಗಳನ್ನು ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲಿಯೂ, ಅವುಗಳ ಅಲಂಕಾರವನ್ನು ಸಿಎಸ್‌ಎಸ್‌ನಲ್ಲಿಯೂ, ಲೆಕ್ಕವನ್ನು ಜಾವಾಸ್ಕ್ರಿಪ್ಟಿನಲ್ಲಿಯೂ ಬರೆಯುತ್ತಾರೆ. ಮೂರನ್ನೂ ಒಂದೇ ಕಡತದಲ್ಲಿ ಇಟ್ಟು ಬ್ರೌಸರಿನಲ್ಲಿ ತೆರೆದರೆ ಸಾಧನ ಸಿದ್ಧ. ಪದ ಬರೆಯಲು ಒಂದು ಚೌಕ, ಮೊದಲ ಹಾಗೂ ಕೊನೆಯ ಬಣ್ಣವನ್ನು ಆರಿಸಲು ಎರಡು ಗುಂಡಿ, ಫಲವನ್ನು ತೋರಿಸಲು ಒಂದು ಜಾಗ, ಅದನ್ನು ಒಯ್ಯಲು ಇನ್ನೊಂದು ಗುಂಡಿ, ಇಷ್ಟು ಸಾಕು. ಬಣ್ಣ ಆರಿಸುವ ಗುಂಡಿಯನ್ನು ಬ್ರೌಸರೇ ಒದಗಿಸುತ್ತದೆ.

ಹೀಗೆ ಮನೆಯಲ್ಲಿಯೇ ಕಟ್ಟಿದ ಸಾಧನದಿಂದ ಮತ್ತೊಂದು ಉಪಕಾರವಿದೆ. ಅದು ನಡೆಯಲು ಅಂತರಜಾಲದ ಸಂಪರ್ಕವೇ ಬೇಕಿಲ್ಲ. ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನೊಳಗೇ ಮುಗಿಯುವುದರಿಂದ, ಆಮಂತ್ರಣದಲ್ಲಿ ಬರೆದ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಯಾರದೋ ಕೈ ಸೇರುವುದಿಲ್ಲ. ಮನೆಯ ವಿಷಯ ಮನೆಯಲ್ಲಿಯೇ ಉಳಿಯುತ್ತದೆ.

ಅಕ್ಷರವೆಂದರೆ ಎಷ್ಟು?

ಈಗ ಮುಖ್ಯ ಮಾತಿಗೆ ಬರೋಣ. ಮೇಲಿನ ಲೆಕ್ಕದಲ್ಲಿ ‘ಶುಭವಿವಾಹ’ಕ್ಕೆ ಐದು ಅಕ್ಷರ ಎಂದು ಎಣಿಸಿದವರು ನಾವು. ಕಂಪ್ಯೂಟರನ್ನು ಕೇಳಿದರೆ ಅದು ಎಂಟು ಎನ್ನುತ್ತದೆ. ಏಕೆಂದರೆ ‘ಶು’ ಎಂಬುದು ಅದರ ಪಾಲಿಗೆ ‘ಶ’ ಮತ್ತು ಕೊಂಬು ಎಂಬ ಎರಡು ಸಂಕೇತಗಳು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ 128 ಸ್ಥಾನಗಳನ್ನು ಮೀಸಲಿಡಲಾಯಿತು. ಅಲ್ಲಿ ಸ್ವರ, ವ್ಯಂಜನ, ಗುಣಿತದ ಚಿಹ್ನೆ, ಸ್ವರವನ್ನು ಅಳಿಸುವ ಹಲಂತ ಚಿಹ್ನೆ ಇವೆಲ್ಲ ಬಿಡಿಬಿಡಿಯಾಗಿವೆ. ಒತ್ತಕ್ಷರಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ವ್ಯಂಜನ, ಹಲಂತ, ವ್ಯಂಜನ ಎಂದು ಸಾಲಾಗಿ ಬಂದಾಗ ಅಕ್ಷರವಿನ್ಯಾಸವು ಅದನ್ನು ಒತ್ತಾಗಿ ತೋರಿಸುತ್ತದೆ. ಆದ್ದರಿಂದ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಐದು ಸಂಕೇತಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು. ‘ಸ್ವಾತಂತ್ರ್ಯ’ ಎಂಬ ಮೂರಕ್ಷರಕ್ಕೆ ಹನ್ನೊಂದು.

ಇಂಗ್ಲಿಷಿನಲ್ಲಿ ಒಂದು ಸಂಕೇತಕ್ಕೆ ಒಂದು ಅಕ್ಷರ. ಆ ಲೆಕ್ಕದಲ್ಲಿಯೇ ಕಟ್ಟಿದ ಸಾಧನವು ಕನ್ನಡದ ಸಂಕೇತಗಳನ್ನು ಒಂದೊಂದಾಗಿ ಬಿಡಿಸಿ, ಒಂದೊಂದಕ್ಕೂ ಬೇರೆ ಬಣ್ಣ ಹಚ್ಚಲು ಹೊರಡುತ್ತದೆ. ‘ಸ್ತ್ರೀ’ಯನ್ನು ಆರು ತುಂಡು ಮಾಡಿದ ಮೇಲೆ ಉಳಿಯುವುದೇನು? ಬ್ರೌಸರಿನಿಂದ ಬ್ರೌಸರಿಗೆ ಫಲ ಬೇರೆಯಾಗಬಹುದು. ತುಂಡುಗಳನ್ನು ಬಿಡಿಯಾಗಿ ಚಿತ್ರಿಸಿದರಂತೂ ಅಕ್ಷರವು ಒಡೆಯುವುದು ಖಂಡಿತ. ಅರ್ಕಾವೊತ್ತಿನ ಪಾಡು ಇನ್ನೂ ಕಷ್ಟ. ‘ಆರ್ಥಿಕ’ ಎನ್ನುವಾಗ ರಕಾರದ ಉಚ್ಚಾರ ಮೊದಲು, ಬರಹದಲ್ಲಿ ಅದರ ಗುರುತು ಮುಂದಿನ ಅಕ್ಷರದ ಬಲಕ್ಕೆ. ಸಂಕೇತಗಳನ್ನು ಬಿಡಿಸಿದೊಡನೆ ಆ ಕ್ರಮವೇ ತಪ್ಪುತ್ತದೆ.

ಹಾಗಾದರೆ ಅಕ್ಷರವನ್ನು ಅಕ್ಷರವಾಗಿಯೇ ಎಣಿಸುವ ಉಪಾಯ ಯಾವುದು? ಜಾವಾಸ್ಕ್ರಿಪ್ಟಿನಲ್ಲಿ ‘ಇಂಟ್ಲ್ ಸೆಗ್ಮೆಂಟರ್’ ಎಂಬ ಉಪಕರಣವಿದೆ. ಕ್ರೋಮ್ ಬ್ರೌಸರಿನಲ್ಲಿ 2020ರಿಂದಲೂ, ಸಫಾರಿಯಲ್ಲಿ 2021ರಿಂದಲೂ, ಫೈರ್‌ಫಾಕ್ಸಿನಲ್ಲಿ 2024ರಿಂದಲೂ ಇದು ದೊರೆಯುತ್ತಿದೆ. ಪದವೊಂದನ್ನು ಕೊಟ್ಟರೆ ಗುಣಿತದ ಚಿಹ್ನೆ, ಅನುಸ್ವಾರಗಳನ್ನು ತಮ್ಮ ವ್ಯಂಜನದಿಂದ ಅಗಲಿಸದೆ ವಿಂಗಡಿಸಿ ಕೊಡುತ್ತದೆ. ‘ಶುಭವಿವಾಹ’ಕ್ಕೆ ಅದು ಸರಿಯಾಗಿ ಐದೇ ಹೇಳುತ್ತದೆ. ಆದರೆ ಒತ್ತಕ್ಷರದಲ್ಲಿ ಎಡವುತ್ತದೆ. 2023ರಲ್ಲಿ ಬಂದ ಯೂನಿಕೋಡ್ 15.1 ಆವೃತ್ತಿಯು ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮವನ್ನು ಸೇರಿಸಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ. ನಮ್ಮಂತೆಯೇ ಒತ್ತು ಬರೆಯುವ ನೆರೆಯ ತೆಲುಗಿಗೆ ಅಲ್ಲಿ ಸ್ಥಾನ ದೊರೆಯಿತು. ಕನ್ನಡದ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆ ನಿಯಮದಂತೆ ನಡೆಯುವ ಉಪಕರಣಕ್ಕೆ ‘ಕನ್ನಡ’ ಎಂಬುದು ಕ, ನ್, ನ, ಡ ಎಂದು ನಾಲ್ಕು ತುಂಡು.

ಇದನ್ನು ಕೇಳಿ ಕೈಚೆಲ್ಲಬೇಕಾಗಿಲ್ಲ. ಕೊರತೆಯನ್ನು ತುಂಬಲು ಒಂದೇ ನಿಯಮ ಸಾಕು: ಉಪಕರಣವು ಕೊಟ್ಟ ತುಂಡು ಹಲಂತ ಚಿಹ್ನೆಯಲ್ಲಿ ಮುಗಿದು, ಅದರ ಮುಂದೆಯೇ ವ್ಯಂಜನವೊಂದು ಬಂದರೆ ಎರಡನ್ನೂ ಕೂಡಿಸು. ಇಷ್ಟರಿಂದ ‘ನ್ನ’ ಒಂದಾಗುತ್ತದೆ, ‘ಸ್ತ್ರೀ’ ಒಂದಾಗುತ್ತದೆ, ‘ರ್ಥಿ’ ಒಂದಾಗುತ್ತದೆ. ‘ಬ್ರೌಸರ್’ ಎಂಬಲ್ಲಿ ಕೊನೆಯ ‘ರ್’ ಮುಂದೆ ವ್ಯಂಜನವಿಲ್ಲದ ಕಾರಣ ತಾನಾಗಿಯೇ ನಿಲ್ಲುತ್ತದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ಕೂಡಿ ಒತ್ತಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡುತ್ತೇವೆ. ಆಗ ತುಂಡು ಹಲಂತದಲ್ಲಿ ಮುಗಿಯದೆ ಆ ಸಂಕೇತದಲ್ಲಿ ಮುಗಿಯುವುದರಿಂದ ನಮ್ಮ ನಿಯಮವು ಅದನ್ನು ಮುಟ್ಟುವುದಿಲ್ಲ. ಕಾಗುಣಿತ ಕಲಿತ ಮಗುವಿಗೂ, ಲಘು ಗುರುಗಳನ್ನು ಎಣಿಸಬಲ್ಲ ವಿದ್ಯಾರ್ಥಿಗೂ ತಿಳಿದಿರುವ ಅಕ್ಷರದ ಎಣಿಕೆಯನ್ನು ಯಂತ್ರಕ್ಕೆ ತಿಳಿಸಿಕೊಡುವುದೇ ಇಲ್ಲಿಯ ಕೆಲಸ. ಕನ್ನಡ ಬಲ್ಲವರು ಕುಳಿತು ಕಟ್ಟದ ಹೊರತು ಸಾಧನಕ್ಕೆ ಈ ತಿಳಿವು ಬರಲಾರದು. ಮಕ್ಕಳು ಈ ವಿದ್ಯೆಯನ್ನು ಕಲಿಯಲಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

ಒಂದು ಮಾತು ಸೇರಿಸಬೇಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಿಂದ ಬೆರಳಚ್ಚು ಮಾಡಿಟ್ಟ ಬರಹವನ್ನು ನೇರವಾಗಿ ಈ ಸಾಧನಕ್ಕೆ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು.

ಮತ್ತೊಂದು ಮಾರ್ಗ

ಅಕ್ಷರವನ್ನು ಬಿಡಿಸದೆಯೇ ಬಣ್ಣ ತೊಡಿಸುವ ದಾರಿಯೂ ಇದೆ. ಸಿಎಸ್‌ಎಸ್‌ನಲ್ಲಿ ಪದದ ಹಿನ್ನೆಲೆಗೆ ‘ಲೀನಿಯರ್ ಗ್ರೇಡಿಯಂಟ್’ ಎಂಬ ಬಣ್ಣದ ಪಟ್ಟಿಯನ್ನು ಹಾಸಿ, ‘ಬ್ಯಾಕ್‌ಗ್ರೌಂಡ್ ಕ್ಲಿಪ್’ ಎಂಬ ಸೂಚನೆಯಿಂದ ಆ ಪಟ್ಟಿಯು ಅಕ್ಷರಗಳ ಆಕಾರದೊಳಗೆ ಮಾತ್ರ ಕಾಣುವಂತೆ ಕತ್ತರಿಸಿ, ಅಕ್ಷರದ ಸ್ವಂತ ಬಣ್ಣವನ್ನು ಪಾರದರ್ಶಕ ಮಾಡುವುದು. ರಂಗೋಲಿಯ ಅಚ್ಚಿನ ತಗಡಿನಲ್ಲಿ ರಂಧ್ರಗಳಿರುವೆಡೆ ಮಾತ್ರ ಪುಡಿ ಬೀಳುವಂತೆ ಇಲ್ಲಿ ಅಕ್ಷರವೇ ರಂಧ್ರವಾಗುತ್ತದೆ. ಪದವು ಅಖಂಡವಾಗಿ ಉಳಿಯುವುದರಿಂದ ಒತ್ತು, ಗುಣಿತ ಯಾವುದೂ ಕೆಡುವುದಿಲ್ಲ. ಒಂದೇ ಅಕ್ಷರದೊಳಗೂ ಬಣ್ಣವು ಹರಿಯುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಬಿಡಿ ತುಂಡುಗಳಲ್ಲಿ ತಡವರಿಸಬಹುದು. ಈ ಮಾರ್ಗದಲ್ಲಿ ಪದವನ್ನು ಪದವಾಗಿಯೇ ಓದುತ್ತವೆ.

ಇದಕ್ಕೂ ಒಂದು ಮಿತಿಯುಂಟು. ಮಸಿ ಉಳಿಸಲೆಂದು ಬ್ರೌಸರುಗಳು ಮುದ್ರಣದ ವೇಳೆ ಹಿನ್ನೆಲೆಯ ಬಣ್ಣವನ್ನು ಬಿಡುವುದು ರೂಢಿ. ಹಿನ್ನೆಲೆ ಹೋಗಿ ಅಕ್ಷರವೂ ಪಾರದರ್ಶಕವಾಗಿದ್ದರೆ ಕಾಗದದ ಮೇಲೆ ಹೆಸರೇ ಮಾಯವಾಗುತ್ತದೆ. ಮುದ್ರಿಸುವ ಮುನ್ನ ಹಿನ್ನೆಲೆಯನ್ನೂ ಅಚ್ಚು ಹಾಕುವ ಆಯ್ಕೆಯನ್ನು ಒತ್ತಬೇಕು, ಇಲ್ಲವೆ ಅಕ್ಷರಕ್ಕೊಂದು ಬಣ್ಣ ಕೊಡುವ ಮೊದಲ ಮಾರ್ಗವನ್ನೇ ಹಿಡಿಯಬೇಕು. ಪರದೆಗೆ ಎರಡನೆಯದು, ಕಾಗದಕ್ಕೆ ಮೊದಲನೆಯದು ಎಂದು ಇಟ್ಟುಕೊಂಡರೆ ಒಳಿತು. ಎರಡೂ ಮಾರ್ಗಗಳಲ್ಲಿ ಬಣ್ಣ ಹರಿಯಲು ಅಕ್ಷರಕ್ಕೆ ಮೈ ಇರಬೇಕು. ತೆಳು ಗೆರೆಯ ಅಕ್ಷರಕ್ಕಿಂತ ‘ಬಾಲೂ ತಮ್ಮ’ದಂತಹ ದಪ್ಪ ಅಕ್ಷರವಿನ್ಯಾಸದಲ್ಲಿ ಫಲ ಚೆನ್ನಾಗಿ ಕಾಣುತ್ತದೆ, ಅದು ಉಚಿತವಾಗಿಯೂ ದೊರೆಯುತ್ತದೆ.

ಹಿರಿಯರ ಕಣ್ಣಿಗೂ ಕಾಣಲಿ

ಬಣ್ಣದ ಆಯ್ಕೆಯಲ್ಲಿ ವಿವೇಕ ಬೇಕು. ಆಮಂತ್ರಣವೆಂಬುದು ಮೊದಲು ಓದಲಿಕ್ಕೆ, ಅನಂತರ ನೋಡಲಿಕ್ಕೆ. ಮುಹೂರ್ತದ ಸಮಯವನ್ನು ಅಜ್ಜನೋ ಅಜ್ಜಿಯೋ ಕನ್ನಡಕ ಏರಿಸಿ ಓದುವಾಗ ಅದು ಬಿಳಿಯ ಮೇಲಿನ ತಿಳಿ ಹಳದಿಯಾಗಿದ್ದರೆ ಏನು ಪ್ರಯೋಜನ? ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅಳೆಯುವ ಒಂದು ಮಾನದಂಡವು 2008ರಿಂದ ರೂಢಿಯಲ್ಲಿದೆ. ಬಿಳಿಯ ಮೇಲೆ ಕಪ್ಪು ಅಕ್ಷರಕ್ಕೆ 21 ಎಂಬ ಗರಿಷ್ಠ ಅಂಕ. ಅಪ್ಪಟ ನೀಲಿಗೆ 8.59, ಅಪ್ಪಟ ಹಳದಿಗೆ ಕೇವಲ 1.07. ಸಾಮಾನ್ಯ ಗಾತ್ರದ ಬರಹಕ್ಕೆ 4.5, ದೊಡ್ಡ ತಲೆಬರಹಕ್ಕೆ 3 ಇರಲೇಬೇಕೆಂದು ಆ ಮಾನದಂಡ ಹೇಳುತ್ತದೆ. ಗ್ರೇಡಿಯಂಟಿನಲ್ಲಿ ಮೊದಲ ಬಣ್ಣ ಚೆನ್ನಾಗಿದ್ದರೆ ಸಾಲದು. ಸಾಲಿನಲ್ಲಿ ಅತಿ ದುರ್ಬಲವಾದ ಬಣ್ಣವೂ ಈ ಮಿತಿಯನ್ನು ದಾಟಬೇಕು. ಮೇಲೆ ‘ಶುಭವಿವಾಹ’ಕ್ಕೆ ಕೊಟ್ಟ ಐದೂ ಬಣ್ಣಗಳು ಬಿಳಿಯ ಮೇಲೆ 4.5ನ್ನು ದಾಟುತ್ತವೆ. ಈ ಅಳತೆಯನ್ನು ಸಾಧನವೇ ಮಾಡಿ, ಕಡಿಮೆಯಾದಾಗ ಎಚ್ಚರಿಸುವಂತೆ ಕಟ್ಟಿದರೆ ಇನ್ನೂ ಉತ್ತಮ.

ಮತ್ತೊಂದು ವಿಚಿತ್ರವನ್ನು ಗಮನಿಸಬೇಕು. ನೀಲಿಯಿಂದ ಹಳದಿಗೆ ನೇರವಾಗಿ ಲೆಕ್ಕ ಹಾಕಿದರೆ ನಡುವೆ ಮೂರು ಸಂಖ್ಯೆಗಳೂ ಸಮನಾಗಿ ಬೂದುಬಣ್ಣ ಬರುತ್ತದೆ. ಎರಡು ಉಜ್ವಲ ಬಣ್ಣಗಳ ಮಧ್ಯದಲ್ಲಿ ಬೂದಿ ಬಿದ್ದಂತೆ ಕಾಣುತ್ತದೆ. ನಡುವೆ ಹಸಿರನ್ನೋ ಕೆಂಪನ್ನೋ ಮೂರನೆಯ ಬಣ್ಣವಾಗಿ ಇಟ್ಟರೆ ಈ ದೋಷ ನೀಗುತ್ತದೆ.

ಕೊನೆಯದಾಗಿ ಕಳುಹಿಸುವ ವಿಚಾರ. ವಾಟ್ಸಾಪ್ ಸಂದೇಶದ ಅಕ್ಷರಗಳಿಗೆ ಹೀಗೆ ಬಣ್ಣ ಬಳಿಯಲಾಗದು. ಅಲ್ಲಿಗೆ ಚಿತ್ರವನ್ನೇ ಕಳುಹಿಸಬೇಕು. ಬ್ರೌಸರಿನ ‘ಕ್ಯಾನ್ವಾಸ್’ ಎಂಬ ಹಲಗೆಯ ಮೇಲೆ ಪದವನ್ನು ಇಡಿಯಾಗಿ ಬರೆದು ಚಿತ್ರವಾಗಿ ಉಳಿಸಿಕೊಳ್ಳಬಹುದು. ಆದರೆ ಚಿತ್ರವಾದ ಬರಹ ಬರಹವಲ್ಲ. ಕಣ್ಣು ಕಾಣದ ಬಂಧುವಿನ ಮೊಬೈಲು ಅದನ್ನು ಓದಿ ಹೇಳಲಾರದಿರಬಹುದು. ವಿಳಾಸವನ್ನು ಹುಡುಕಿ ತೆಗೆಯುವುದೂ ಕಷ್ಟ. ಆದ್ದರಿಂದ ಚಿತ್ರದ ಕೆಳಗೆ ದಿನ, ವೇಳೆ, ಸ್ಥಳಗಳನ್ನು ಸಾದಾ ಅಕ್ಷರದಲ್ಲಿ ಬರೆದು ಕಳುಹಿಸುವ ಸೌಜನ್ಯವನ್ನು ಮರೆಯದಿರೋಣ. ಕರೆಯುವವರ ಅಕ್ಕರೆ ಕಾಣುವುದು ಬಣ್ಣಕ್ಕಿಂತ ಮಿಗಿಲಾಗಿ ಇಂತಹ ಕಾಳಜಿಯಲ್ಲಿ.

ಬರುವ ರಜೆಯ ದಿನಗಳಲ್ಲಿ ಮಕ್ಕಳನ್ನು ಈ ಕಾರ್ಯಕ್ಕೆ ಹಚ್ಚಿರೆಂದು ತಾಯ್ತಂದೆಯರಲ್ಲಿ ನಮ್ಮ ವಿನಂತಿ. ಸಾಧನ ಸಿದ್ಧವಾದ ಮೇಲೆ ಮನೆಯ ಹಿರಿಯರು ‘ಶ್ರೀ’, ‘ಸ್ತ್ರೀ’, ‘ಕನ್ನಡ’, ‘ಆರ್ಥಿಕ’, ‘ಸ್ವಾತಂತ್ರ್ಯ’, ‘ರಾಜ್‌ಕುಮಾರ್’ ಎಂಬ ಆರು ಪದಗಳನ್ನು ಕೊಟ್ಟು ಪರೀಕ್ಷಿಸಲಿ. ಮಕ್ಕಳು ಲೆಕ್ಕವನ್ನು ಬಲ್ಲರು, ಹಿರಿಯರು ಅಕ್ಷರವನ್ನು ಬಲ್ಲರು. ಇಬ್ಬರೂ ಕೂಡಿ ಕುಳಿತಾಗಲೇ ಈ ಕೆಲಸ ಸರಿಯಾಗುತ್ತದೆ. ಆರರಲ್ಲಿ ಒಂದು ಪದ ಒಡೆದರೂ ಸಾಧನ ಇನ್ನೂ ಸಿದ್ಧವಾಗಿಲ್ಲವೆಂದೇ ತಿಳಿದು ಮತ್ತೆ ತಿದ್ದಲಿ. ಮುಂದಿನ ಶುಭಕಾರ್ಯದ ಕರೆಯೋಲೆಯಲ್ಲಿ ವಧೂವರರ ಹೆಸರು ಬಣ್ಣವನ್ನೂ ತೊಟ್ಟು, ಒತ್ತು ಗುಣಿತಗಳನ್ನೂ ಉಳಿಸಿಕೊಂಡು, ಅಜ್ಜಿಯ ಕಣ್ಣಿಗೂ ನಿಚ್ಚಳವಾಗಿ ಕಾಣಲಿ ಎಂದು ಹಾರೈಸುತ್ತೇವೆ.